ಲಾನ್ ಕಿತ್ತು ನೀರು ಉಳಿಸಿದ್ದು

2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಗಿಡಕ್ಕೆ ಕುಡಿಯೋ ನೀರು ಹಾಕಿದರೆ 5000 ರೂಪಾಯಿ ದಂಡ ಅಂದಾಗಲೇ ನಮ್ಮ ಅಪಾರ್ಟ್‌ಮೆಂಟಿನವರಿಗೆ ಲಾನ್ ಕಣ್ಣಿಗೆ ಬಿದ್ದದ್ದು. ಚದರ ಮೀಟರಿಗೆ ದಿನಕ್ಕೆ 5 ಲೀಟರ್ ಅಂದರೂ 200 ಚದರ ಮೀಟರಿಗೆ 1000 ಲೀಟರ್. ಅದೂ ಯಾರೂ ಕಾಲಿಡದ ಹುಲ್ಲಿಗೆ! ಮಕ್ಕಳು ಆಡುವಷ್ಟು ಜಾಗ ಬಿಟ್ಟು ಉಳಿದದ್ದನ್ನು ಕಿತ್ತು ದಾಸವಾಳ, ಕೇಪಳ, ನಂದಬಟ್ಟಲು ನೆಟ್ಟು, ಬುಡಕ್ಕೆ ಮೂರು ಇಂಚು ತರಗೆಲೆ ಹರಡಿ, ಡ್ರಿಪ್ ಪೈಪ್ ಎಳೆದೆವು. ಎಸ್‌ಟಿಪಿ ನೀರನ್ನ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕದಿಂದ ಬರೋ ನೀರನ್ನ, ಸೋಸದೆ ಪೈಪಿಗೆ ಬಿಟ್ಟಿದ್ದೇ ಎಡವಟ್ಟು. ವಾರದಲ್ಲಿ ಡ್ರಿಪ್ಪರ್ ಬಾಯಿಗೆಲ್ಲ ಲೋಳೆ ಕಟ್ಟಿತು, ಸೂಜಿ ಹಿಡಿದು ಒಂದೊಂದೇ ಬಿಡಿಸಿದ್ದು ನಾನೇ. ಡಿಸ್ಕ್ ಫಿಲ್ಟರ್ ಹಾಕಿಸಿದ ಮೇಲೆ ಸರಿಹೋಯಿತು. ಈಗ ಬೆಳಿಗ್ಗೆ ತರಗೆಲೆ ಸರಿಸಿ ಮಣ್ಣಿಗೆ ಬೆರಳು ಚುಚ್ಚಿ ನೋಡುತ್ತೇನೆ, ತೇವ ಇದ್ದರೆ ಆ ದಿನ ವಾಲ್ವ್ ತಿರುಗಿಸುವುದಿಲ್ಲ.