ನೀರು ಬಿಡದ ಕೋಸಂಬರಿ: ನಲವತ್ತೈದು ಎಲೆಗೆ ಬಡಿಸಿದ ನನ್ನ ಅನುಭವ

ರಾಮನವಮಿಯ ದಿನ ಮೈಸೂರಿನ ನಮ್ಮ ಮನೆಯಲ್ಲಿ ಎರಡು ಪಂಕ್ತಿ ಊಟ ನಡೆಯುತ್ತದೆ. ಎರಡೂ ಸೇರಿ ಹೆಚ್ಚುಕಡಿಮೆ 45 ಎಲೆ. ಪಾನಕಕ್ಕೂ ನೀರುಮಜ್ಜಿಗೆಗೂ ಎಂದೂ ಹೆಸರು ಕೆಟ್ಟದ್ದಿಲ್ಲ. ಮಾನ ಹೋಗುತ್ತಿದ್ದದ್ದು ಕೋಸಂಬರಿಯಿಂದ. ಮೊದಲ ಪಂಕ್ತಿಯಲ್ಲಿ ಉದುರುದುರಾಗಿದ್ದ ಹೆಸರುಬೇಳೆ ಎರಡನೆಯ ಪಂಕ್ತಿಯ ಹೊತ್ತಿಗೆ ಪಾತ್ರೆಯ ತಳದಲ್ಲಿ ಎರಡು ಲೋಟ ನೀರು ಬಿಟ್ಟುಕೊಂಡು, ಎಲೆಯ ತುದಿಯಿಂದ ಹರಿದುಬಂದು ಪಲ್ಯವನ್ನೂ ತೋಯಿಸುತ್ತಿತ್ತು. ಬಡಿಸಿ ಬಡಿಸಿ ದಣಿದು ಕೊನೆಗೆ ಕುಳಿತವರಿಗೆ ಪ್ರತಿವರ್ಷವೂ ಇದೇ ಗತಿ.

ಮೊದಲ ವರ್ಷ ತಪ್ಪು ಬೇಳೆಯದೆಂದು ನಂಬಿ, ಅದನ್ನು ಹಿಂದಿನ ರಾತ್ರಿಯೇ ನೆನೆಹಾಕಿದೆ. ಚೈತ್ರದ ಸೆಕೆಗೆ ಬೆಳಗಾಗುವಷ್ಟರಲ್ಲಿ ನೊರೆ ಬಂದು ಹುಳಿವಾಸನೆ ಹೊಡೆಯುತ್ತಿತ್ತು. ಒಂದು ಕೆಜಿ ಬೇಳೆಯನ್ನು ತೆಂಗಿನ ಮರದ ಬುಡಕ್ಕೆ ಸುರಿದು, ಹಬ್ಬದ ಬೆಳಿಗ್ಗೆ ಏಳು ಗಂಟೆಗೆ ಅಂಗಡಿಯ ಬಾಗಿಲು ತೆರೆಯುವುದನ್ನೇ ಕಾಯುತ್ತ ನಿಂತಿದ್ದೆ. ಮರುವರ್ಷ ಹೆಸರು ಹೇಳಬೇಕಿಲ್ಲದ ಒಬ್ಬ ಅಡುಗೆ ಗುತ್ತಿಗೆದಾರರಿಗೆ ಸುಮಾರು 2,400 ರೂಪಾಯಿ ಕೊಟ್ಟು ತರಿಸಿದೆ. ಅವರು ಹತ್ತು ಗಂಟೆಗೇ ಎಲ್ಲವನ್ನೂ ಕಲಸಿ ಮುಚ್ಚಳ ಹಾಕಿ ಕಳುಹಿಸಿದ್ದರಿಂದ ನೀರಿಗೇನೂ ಕೊರತೆಯಾಗಲಿಲ್ಲ. ಅದನ್ನು ಮುಂದಿಟ್ಟುಕೊಂಡು ನಮ್ಮ ಸೋದರತ್ತೆಯವರು, ಸೌತೆಕಾಯಿ ಎಂದ ಮೇಲೆ ನೀರು ಬಿಡದೆ ಇನ್ನೇನು ಬಿಡುತ್ತದೆ ಎಂದು ನಕ್ಕರು. ನನಗೆ ಹಟ ಹುಟ್ಟಿದ್ದು ಆಗಲೇ.

ಬಿಡುವ ನೀರನ್ನು ತಡೆಯಲಾಗದಿದ್ದರೆ ಅದನ್ನು ಮೊದಲೇ ಬಿಡಿಸಿಬಿಡಬೇಕು ಎಂಬುದಷ್ಟೇ ನಾನು ಹಿಡಿದ ದಾರಿ. ಎರಡು ಕೆಜಿ ಸೌತೆಕಾಯಿಯ ಸಿಪ್ಪೆ, ತಿರುಳು ತೆಗೆದು, ತುರಿಯದೆ, ಬೇಳೆಗಿಂತ ಸ್ವಲ್ಪವೇ ದೊಡ್ಡದಾಗಿ ಹೆಚ್ಚಿ, ಎರಡು ಟೀ ಚಮಚ ಪುಡಿಯುಪ್ಪು ಸವರಿ ಅರ್ಧ ಗಂಟೆ ಬಿಟ್ಟೆ. ನಂತರ ತೆಳು ಪಂಚೆಯ ತುಂಡಿನಲ್ಲಿ ಕಟ್ಟಿ ಹಿಂಡಿದಾಗ ಮುಕ್ಕಾಲು ಸೇರಿಗೆ ಹತ್ತಿರದಷ್ಟು ನೀರು ಇಳಿಯಿತು. ಇದೇ ನೀರಲ್ಲವೇ ಇಷ್ಟು ವರ್ಷ ಎಲೆಯ ಮೇಲೆ ಹರಿದದ್ದು! ಚೆಲ್ಲಲು ಮನಸ್ಸಾಗದೆ ಅದನ್ನು ನೀರುಮಜ್ಜಿಗೆಗೆ ಬೆರೆಸಿ, ಅಲ್ಲಿಯ ಉಪ್ಪನ್ನು ಕಡಿಮೆ ಮಾಡಿದೆ. ಮಜ್ಜಿಗೆ ಹಿಂದೆಂದೂ ಅಷ್ಟು ಚೆನ್ನಾಗಿರಲಿಲ್ಲವೆಂದು ಹೊಗಳಿದವರಿಗೆ ಈ ಗುಟ್ಟು ಇನ್ನೂ ತಿಳಿದಿಲ್ಲ.

ತೊಡಕು ಉಪ್ಪಿನ ಲೆಕ್ಕದಲ್ಲಿತ್ತು. ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿಲ್ಲ, ಹಿಂಡಿದಾಗ ಎಷ್ಟು ಉಪ್ಪು ನೀರಿನೊಡನೆ ಹೋಯಿತೆಂಬುದು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಹಬ್ಬಕ್ಕೆ ಎರಡು ವಾರ ಮೊದಲಿನಿಂದಲೇ ಕಾಲು ಕೆಜಿ ಬೇಳೆಯ ಅಳತೆಯಲ್ಲಿ ಐದಾರು ಬಾರಿ ಮಾಡಿ, ಬರೆದಿಟ್ಟುಕೊಂಡು ಅಳತೆ ಕಂಡುಕೊಂಡೆ. ಮನೆಯವರು ಕೋಸಂಬರಿ ಎಂದರೆ ಎದ್ದು ಹೋಗುವ ಸ್ಥಿತಿ ಬಂದಿತ್ತು. ಸೌತೆಕಾಯಿಗೆ ಸವರಿದ್ದನ್ನು ಬಿಟ್ಟು, ಒಂದು ಕೆಜಿ ಬೇಳೆಯ ಕೋಸಂಬರಿಗೆ ಐದು ಟೀ ಚಮಚ ಉಪ್ಪು ನಮ್ಮ ನಾಲಿಗೆಗೆ ಸರಿಹೋಗುತ್ತದೆ.

ಬೇಳೆಯನ್ನು ಒಂದೂಕಾಲು ಗಂಟೆಗಿಂತ ಹೆಚ್ಚು ನೆನೆಸುವುದಿಲ್ಲ. ಉಗುರಿನಿಂದ ಒತ್ತಿದರೆ ತುಂಡಾಗಬೇಕು, ಹಿಟ್ಟಾಗಬಾರದು. ಒಂದು ಕೆಜಿ ನೆನೆದು ಎರಡರಷ್ಟಾಗುತ್ತದೆ. ಅದನ್ನು ಬಸಿದು ಬಟ್ಟೆಯ ಮೇಲೆ ಫ್ಯಾನಿನ ಕೆಳಗೆ ಅರ್ಧ ಗಂಟೆ ಹರಡಿ, ಸಾಸಿವೆ, ಇಂಗು, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಯನ್ನು ಮೊದಲು ಬೇಳೆಗೆ ಮಾತ್ರ ಬೆರೆಸುತ್ತೇನೆ. ಎಣ್ಣೆ ಸವರಿದ ಬೇಳೆ ಒಂದಕ್ಕೊಂದು ಅಂಟುವುದಿಲ್ಲ. ಒಗ್ಗರಣೆಯ ಬಾಣಲೆ ಆರುವ ಮುನ್ನ ಅದಕ್ಕೆ ಇನ್ನೊಂದು ವಸ್ತುವನ್ನು ಹಾಕುತ್ತೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಕೆಲವು ಹುಚ್ಚು ಪ್ರಯೋಗಗಳೂ ನಡೆದವು. ಬೀಟ್ರೂಟ್ ತುರಿ ಹಾಕಿದಾಗ ತೆಂಗಿನತುರಿಯಿಂದ ಹಿಡಿದು ಬಡಿಸಿದವರ ಬೆರಳಿನವರೆಗೆ ಎಲ್ಲವೂ ಕೆಂಪಾಯಿತು. ಮೊಳಕೆ ಬಂದ ಹೆಸರುಕಾಳನ್ನು ನೈವೇದ್ಯಕ್ಕೆ ಇಡಲು ಹಿರಿಯರು ಒಪ್ಪಲಿಲ್ಲ. ಕಡಲೆಬೇಳೆಯನ್ನು ನಾಲ್ಕು ಗಂಟೆ ನೆನೆಸಿದರೂ ವಯಸ್ಸಾದವರ ಹಲ್ಲಿಗೆ ಅದು ಬಗ್ಗದ್ದರಿಂದ ಒಂದು ಸುತ್ತು ರುಬ್ಬಿ ನೋಡಿದೆ. ಆಮೇಲೆ ಅದನ್ನು ಎಣ್ಣೆಗೆ ಬಿಟ್ಟು ಆಂಬೊಡೆ ಮಾಡದೆ ಬೇರೆ ದಾರಿಯಿರಲಿಲ್ಲ. ದಾಳಿಂಬೆ ಮಾತ್ರ ಗೆದ್ದಿತು, ಅದೂ ಕಲಸದೆ ಮೇಲೆ ಉದುರಿಸಿದರೆ.

ಈ ವರ್ಷದ ಖರ್ಚು ನೆನಪಿನಿಂದ ಹೇಳುವುದಾದರೆ ಬೇಳೆಗೆ 130, ಸೌತೆಕಾಯಿಗೆ 80, ಎರಡು ತೆಂಗಿನಕಾಯಿಗೆ 100, ಅರ್ಧ ಕೆಜಿ ಕ್ಯಾರೆಟ್‌ಗೆ 30 ರೂಪಾಯಿ ಆಗಿರಬೇಕು. ಬೇಸಿಗೆಯ ನಿಂಬೆಹಣ್ಣು ಒಂದಕ್ಕೆ ಹತ್ತು ರೂಪಾಯಿ ಹೇಳಿದ್ದರಿಂದ ಐದನ್ನು ಮಾತ್ರ ಕೊಂಡು, ಉಳಿದ ಹುಳಿಗೆ ಒಂದು ತೋತಾಪುರಿ ಮಾವಿನಕಾಯಿಯನ್ನು ತುರಿದೆ. ಕೊತ್ತಂಬರಿ, ಎಣ್ಣೆ, ಚಿಲ್ಲರೆ ಸಾಮಾನೆಲ್ಲ ಸೇರಿ ಐನೂರರ ಒಳಗೇ ಮುಗಿಯಿತು.

ಬೇಳೆ, ಹಿಂಡಿದ ಸೌತೆಕಾಯಿ, ಕ್ಯಾರೆಟ್, ಕಾಯಿತುರಿಗಳನ್ನು ಬೇರೆ ಬೇರೆ ಪಾತ್ರೆಗಳಲ್ಲಿ ಮುಚ್ಚಿಟ್ಟು, ನೈವೇದ್ಯಕ್ಕೂ ಮೊದಲ ಪಂಕ್ತಿಗೂ ಬೇಕಾದ ಅರ್ಧದಷ್ಟನ್ನು ಮಾತ್ರ ಕಲಸಿದೆ. ಎರಡನೆಯ ಪಂಕ್ತಿಗೆ ಎಲೆ ಹಾಕಿದ ಮೇಲೆಯೇ ಉಳಿದರ್ಧಕ್ಕೆ ಉಪ್ಪು, ಹುಳಿ ಬೆರೆಸಿದೆ. ನಿಂಬೆಯನ್ನು ಸಿಪ್ಪೆಯವರೆಗೆ ಹಿಂಡಿದರೆ ಕಹಿಯಾಗುವುದರಿಂದ ಆ ಕೆಲಸವನ್ನು ಯಾರ ಕೈಗೂ ಕೊಡಲಿಲ್ಲ.

ಎರಡೂವರೆಗೆ ಪಾತ್ರೆಯನ್ನು ವಾಲಿಸಿ ನೋಡಿದಾಗ ತಳದಲ್ಲಿದ್ದದ್ದು ಎರಡು ಚಮಚದಷ್ಟು ರಸ. ಆ ಪಾತ್ರೆಯನ್ನು ಹಾಗೆಯೇ ಸೋದರತ್ತೆಯವರ ಮುಂದೆ ಹಿಡಿದೆ. ಅವರು ಏನೂ ಹೇಳಲಿಲ್ಲ. ಸಂಜೆ ಹೊರಡುವಾಗ ಮಾತ್ರ, ಮಗಳ ಮನೆಯ ಗೌರಿಹಬ್ಬಕ್ಕೆ ಬೇಕೆಂದು ಅಳತೆಗಳನ್ನು ಬರೆಸಿಕೊಂಡರು. ಬಾಣಲೆಯ ವಿಷಯ ಬಿಟ್ಟು ಉಳಿದುದೆಲ್ಲವನ್ನೂ ಬರೆಸಿದ್ದೇನೆ.