ಮರಿ ನಕ್ಷತ್ರಗಳ ಬೆಳಕನ್ನು ನಾನು ಅಳೆದ ಬಗೆ

ಮರಿ ನಕ್ಷತ್ರದ ಬೆಳಕು ಅಳೆಯಲು ಹೊರಟವರಿಗೆ ಆ ನಕ್ಷತ್ರ ನೇರವಾಗಿ ಕಾಣುವುದೇ ಇಲ್ಲ. ಅದು ಹುಟ್ಟುತ್ತಿರುವ ಅಣುಮೋಡದ, ಅಂದರೆ ಅನಿಲ ಮತ್ತು ದೂಳಿನ ತಣ್ಣನೆಯ ಮೋಡದ, ದೂಳು ಅದನ್ನು ದಪ್ಪಗೆ ಸುತ್ತಿಕೊಂಡಿರುತ್ತದೆ. ಒಳಗಿಂದ ಹೊರಟ ಬೆಳಕನ್ನು ದೂಳು ನುಂಗುತ್ತದೆ, ಬಿಸಿಯಾಗುತ್ತದೆ, ಆ ಬಿಸಿಯನ್ನು ಇನ್‌ಫ್ರಾರೆಡ್ ಬೆಳಕಾಗಿ ಹೊರಗೆ ಬಿಡುತ್ತದೆ. ಬಣ್ಣ ಬದಲಾಗುತ್ತದೆ, ಆದರೆ ಶಕ್ತಿ ಎಲ್ಲೂ ಹೋಗುವುದಿಲ್ಲ. ಹಾಗಾಗಿ ಬೇರೆ ಬೇರೆ ತರಂಗಾಂತರಗಳಲ್ಲಿ ಬರುವ ಬೆಳಕನ್ನೆಲ್ಲ ಕೂಡಿದರೆ ಒಳಗೆ ಎಷ್ಟು ಉರಿಯುತ್ತಿದೆ ಅಂತ ತಿಳಿಯುತ್ತದೆ. ನಾನು ಮಾಡಿದ್ದು ಈ ಕೂಡುವ ಕೆಲಸ.

ಇದಕ್ಕೆ ಕೈ ಹಾಕಲು ಕಾರಣ ಒಂದು ಹಳೆಯ ಒಗಟು. ಮೋಡದ ವಸ್ತು ಮರಿ ನಕ್ಷತ್ರದ ಮೇಲೆ ಬೀಳುತ್ತಲೇ ಇರುತ್ತದೆ, ಬಿದ್ದಾಗ ಬೆಳಕು ಹುಟ್ಟುತ್ತದೆ. ಸೂರ್ಯನ ಕಾಲು ಭಾಗ ದ್ರವ್ಯರಾಶಿ ಇರುವ, ಸೂರ್ಯನಿಗಿಂತ ಮೂರು ಪಟ್ಟು ಅಗಲದ ಮರಿ ನಕ್ಷತ್ರವೊಂದನ್ನು ತೆಗೆದುಕೊಳ್ಳಿ. ಸೂರ್ಯನನ್ನು ಹತ್ತು ಲಕ್ಷ ಪಾಲು ಮಾಡಿ, ವರ್ಷಕ್ಕೆ ಎರಡು ಪಾಲು ಅದರ ಮೇಲೆ ಬೀಳುತ್ತಿದೆ ಅಂತ ಲೆಕ್ಕ ಹಾಕಿದರೆ ಸುಮಾರು ಐದು ಸೂರ್ಯರಷ್ಟು ಬೆಳಕು ಬರಬೇಕು. ಆದರೆ ಬಹಳಷ್ಟು ಮರಿಗಳು ಒಬ್ಬ ಸೂರ್ಯನಷ್ಟೂ ಬೆಳಗುವುದಿಲ್ಲ. 1990ರಲ್ಲಿ ಸ್ಕಾಟ್ ಕೆನ್ಯನ್ ಮತ್ತು ಜೊತೆಗಾರರು ಟಾರಸ್ ಮೋಡದಲ್ಲಿ ಈ ಕೊರತೆಯನ್ನು ಎತ್ತಿ ತೋರಿಸಿದರು. ಅಲ್ಲಿಂದ ಇದರ ಚರ್ಚೆ ನಿಂತಿಲ್ಲ. ಒಗಟು ನಿಂತಿರುವುದೇ ಮಂಕಾದ ಮರಿಗಳ ಮೇಲೆ. ಅದಕ್ಕೇ ನಾನು ಹೆಚ್ಚು ಹೊತ್ತು ಕೂತಿದ್ದು ಅವುಗಳ ಜೊತೆ. ಜೋರಾಗಿ ಬೆಳಗುವವು ಹೇಗೂ ಚೆನ್ನಾಗಿ ಅಳತೆಗೆ ಸಿಗುತ್ತವೆ.

ಚಿತ್ರಗಳಿಗೇನೂ ಬರವಿಲ್ಲ. 2003ರಲ್ಲಿ ಹಾರಿದ ಸ್ಪಿಟ್ಜರ್ ದೂರದರ್ಶಕ ಹತ್ತಿರದ ಅಣುಮೋಡಗಳನ್ನು 3.6 ಮೈಕ್ರಾನ್‌ನಿಂದ 160 ಮೈಕ್ರಾನ್‌ವರೆಗಿನ ತರಂಗಾಂತರಗಳಲ್ಲಿ ನೋಡಿದೆ (ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ). ಆ ಚಿತ್ರಗಳು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಆರ್ಕೈವ್‌ನಲ್ಲಿವೆ. ನಾನು ಪರ್ಸಿಯಸ್, ಒಫಿಯೂಕಸ್, ಸರ್ಪೆನ್ಸ್ ಮೋಡಗಳನ್ನು ಆರಿಸಿಕೊಂಡೆ. ಕಡಿಮೆ ತರಂಗಾಂತರಕ್ಕೆ ಟೂಮಾಸ್ ಅನ್ನುವ ಆಕಾಶ ಸಮೀಕ್ಷೆಯ ಪಟ್ಟಿ, ದೂರದ ಇನ್‌ಫ್ರಾರೆಡ್‌ಗೆ, ಅಂದರೆ ಉದ್ದ ತರಂಗಾಂತರಕ್ಕೆ, ಹರ್ಷೆಲ್ ಬಾಹ್ಯಾಕಾಶ ದೂರದರ್ಶಕದ ಚಿತ್ರಗಳು.

ಮರಿ ಯಾವುದು, ಬೇರೆ ಯಾವುದು ಅಂತ ಬೇರ್ಪಡಿಸುವುದು ಮೊದಲ ಕೆಲಸ. 2 ಮೈಕ್ರಾನ್‌ನಿಂದ 24 ಮೈಕ್ರಾನ್ ಕಡೆಗೆ ಹೋದಂತೆ ಬೆಳಕಿನ ಶಕ್ತಿ ಏರುತ್ತದೋ ಇಳಿಯುತ್ತದೋ ನೋಡುತ್ತೇವೆ. ಈ ಇಳಿಜಾರು (ಏರಿದರೆ ಪ್ಲಸ್, ಇಳಿದರೆ ಮೈನಸ್) 0.3ಕ್ಕಿಂತ ಜಾಸ್ತಿ ಇದ್ದರೆ ಅದು ಇನ್ನೂ ದೂಳಿನ ಹೊದಿಕೆಯಲ್ಲಿದೆ ಅಂತ ಅರ್ಥ. ಮೈನಸ್ 0.3ರವರೆಗಿನ ಚಪ್ಪಟೆ ಗುಂಪನ್ನೂ ನಾನು ಇಟ್ಟುಕೊಂಡೆ. ತೊಂದರೆ ಏನೆಂದರೆ, ಮೋಡದ ಹಿಂದೆ ಬಲು ದೂರದಲ್ಲಿರುವ ಗೆಲಾಕ್ಸಿಗಳಿಗೂ ಇಂಥದ್ದೇ ಬಣ್ಣ. ಅವೂ ಮಂಕು, ನಮಗೆ ಬೇಕಾದವೂ ಮಂಕು. ಬಣ್ಣ ಮತ್ತು ಹೊಳಪಿನ ಗಡಿ ಹಾಕಿ ಬಹುಪಾಲು ಗೆಲಾಕ್ಸಿಗಳನ್ನು ತೆಗೆಯಬಹುದು, ಆದರೆ ಅದೇ ಗಡಿ ಕೆಲವು ನಿಜವಾದ ಮರಿಗಳನ್ನೂ ಆಚೆ ಹಾಕುತ್ತದೆ. ಗಡಿಯ ಹತ್ತಿರ ಬಿದ್ದ ಪ್ರತಿಯೊಂದನ್ನೂ ನಾನು ಚಿತ್ರ ತೆರೆದು ಕಣ್ಣಾರೆ ನೋಡಿದೆ. ದಟ್ಟ ದೂಳಿನ ಗಂಟಿನ ಮೇಲೆ ಕೂತಿದೆಯಾ, ಪಕ್ಕದಲ್ಲಿ ಚಿಮ್ಮುವ ಅನಿಲದ ಗುರುತಿದೆಯಾ? ಇದನ್ನು ಪೂರ್ತಿ ಕಂಪ್ಯೂಟರ್‌ಗೆ ಬಿಟ್ಟುಬಿಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಅಳತೆ. ಪರ್ಸಿಯಸ್ ಮೋಡದ ಎನ್‌ಜಿಸಿ 1333 ಅನ್ನುವ ಜಾಗದ 24 ಮೈಕ್ರಾನ್ ಚಿತ್ರವನ್ನೇ ತೆಗೆದುಕೊಳ್ಳೋಣ. ಚುಕ್ಕೆಯ ಸುತ್ತ ಒಂದು ವೃತ್ತ ಹಾಕಿ ಒಳಗಿನ ಪಿಕ್ಸೆಲ್‌ಗಳನ್ನೆಲ್ಲ ಕೂಡಬೇಕು. ಚಿತ್ರದ ಅಂಕಿಗಳು ಸ್ಟೆರೇಡಿಯನ್‌ಗೆ ಇಷ್ಟು ಮೆಗಾಜಾನ್ಸ್ಕಿ ಅಂತ ಇರುತ್ತವೆ: ಜಾನ್ಸ್ಕಿ ನಮ್ಮನ್ನು ತಲುಪುವ ಬೆಳಕಿನ ಘಟಕ, ಸ್ಟೆರೇಡಿಯನ್ ಆಕಾಶದ ವಿಸ್ತಾರದ ಘಟಕ. ಸ್ಟೆರೇಡಿಯನ್‌ಗೆ ಒಂದು ಮೆಗಾಜಾನ್ಸ್ಕಿ ಅಂದರೆ ಒಂದು ಚದರ ಆರ್ಕ್‌ಸೆಕೆಂಡ್‌ಗೆ (ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಭಾಗ) 23.5 ಮೈಕ್ರೋಜಾನ್ಸ್ಕಿ. ಪಿಕ್ಸೆಲ್‌ನ ಅಗಲ 2.45 ಆರ್ಕ್‌ಸೆಕೆಂಡ್ ಆದರೆ ಒಂದು ಪಿಕ್ಸೆಲ್‌ಗೆ ಸುಮಾರು 141 ಮೈಕ್ರೋಜಾನ್ಸ್ಕಿ ಆಯಿತು. ಇಲ್ಲಿವರೆಗೆ ಬರೀ ಗುಣಾಕಾರ.

ನಿಜವಾದ ಕಷ್ಟ ಹಿನ್ನೆಲೆಯದ್ದು. ಚುಕ್ಕೆಯ ಕೆಳಗೆ ಮೋಡವೇ ಹೊಳೆಯುತ್ತಿರುತ್ತದೆ, ಅದನ್ನು ಕಳೆಯಬೇಕು. ಪಾತ್ರೆಯ ತೂಕ ಕಳೆದು ಎಣ್ಣೆ ತೂಗಿದ ಹಾಗೆ, ಆದರೆ ಇಲ್ಲಿ ಪಾತ್ರೆಯ ತೂಕ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಚುಕ್ಕೆಯ ಸುತ್ತ ಇನ್ನೊಂದು ಉಂಗುರ ಹಾಕಿ, ಅದರಲ್ಲಿರುವ ಪಿಕ್ಸೆಲ್‌ಗಳ ಮಧ್ಯಮ ಬೆಲೆಯನ್ನು (ಎಲ್ಲವನ್ನೂ ಸಾಲಾಗಿ ಜೋಡಿಸಿದರೆ ನಡುವೆ ಬರುವ ಅಂಕಿಯನ್ನು) ಹಿನ್ನೆಲೆ ಅಂತ ಇಟ್ಟುಕೊಳ್ಳುವುದು ರೂಢಿ. ಸರಾಸರಿ ತೆಗೆದರೆ ಉಂಗುರದಲ್ಲಿ ಇಣುಕುವ ಪಕ್ಕದ ನಕ್ಷತ್ರ ಲೆಕ್ಕ ಕೆಡಿಸುತ್ತದೆ. ಎನ್‌ಜಿಸಿ 1333ರಲ್ಲಿ ಉಂಗುರದ ಒಂದು ಬದಿ ಕಪ್ಪಗೆ, ಇನ್ನೊಂದು ಬದಿ ಬೆಳ್ಳಗೆ ಇರುವುದು ಸಾಮಾನ್ಯ. ಅಲ್ಲಿ ನಾನು ಉಂಗುರದ ಅಳತೆಯನ್ನು ಹಿಗ್ಗಿಸಿ, ಕುಗ್ಗಿಸಿ, ಪ್ರತಿ ಸಲವೂ ಹೊಸದಾಗಿ ಅಳೆದೆ. ಉತ್ತರಗಳು ಎಷ್ಟು ದೂರ ಹರಡಿಕೊಳ್ಳುತ್ತವೋ ಅದೇ ಆ ಅಳತೆಯ ಅನಿಶ್ಚಿತತೆ ಅಂತ ಬರೆದುಕೊಂಡೆ. ಜೋರಾದ ಚುಕ್ಕೆಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಮಂಕಾದದ್ದಕ್ಕೆ ಇದೇ ಎಲ್ಲ. ಸಾಫ್ಟ್‌ವೇರ್ ತಾನಾಗಿ ಕೊಡುವ ದೋಷದ ಅಂಕಿ ಇಂಥ ಜಾಗದಲ್ಲಿ ತೀರಾ ಚಿಕ್ಕದು, ಅದನ್ನು ನಂಬಿ ಕೂರಬೇಡಿ.

24 ಮೈಕ್ರಾನ್ ದಾಟಿದ ಮೇಲೆ ಇನ್ನೊಂದು ಸಮಸ್ಯೆ. ಎಳೆಯ ಮರಿಗಳ ಶಕ್ತಿಯ ಬಹುಪಾಲು ಬರುವುದೇ ಅಲ್ಲಿಂದಾಚೆ, ಆದರೆ ಅಲ್ಲಿ ಚಿತ್ರ ಮಸುಕಾಗಿ ಅಕ್ಕಪಕ್ಕದ ಮರಿಗಳು ಬೆರೆತುಬಿಡುತ್ತವೆ. ಎನ್‌ಜಿಸಿ 1333ರ ಐಆರ್‌ಎಎಸ್ 4 ಅನ್ನುವ ಮರಿಗಳ ಗುಂಪು ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಎ ಮತ್ತು ಬಿ ಅಂತ ಎರಡು ಮೂಲಗಳು, ನಡುವೆ ಸುಮಾರು 30 ಆರ್ಕ್‌ಸೆಕೆಂಡ್ ಅಂತರ. ಸ್ಪಿಟ್ಜರ್‌ನ ಕನ್ನಡಿ 85 ಸೆಂಟಿಮೀಟರ್. 70 ಮೈಕ್ರಾನ್‌ನಲ್ಲಿ ಅದು ಒಂದು ಚುಕ್ಕೆಯನ್ನು ಸುಮಾರು 18 ಆರ್ಕ್‌ಸೆಕೆಂಡ್ ಅಗಲಕ್ಕೆ ಹರಡಿಬಿಡುತ್ತದೆ. ಎರಡರ ಅಂಚುಗಳು ಒಂದರೊಳಗೊಂದು ಸೇರುತ್ತವೆ. 160 ಮೈಕ್ರಾನ್‌ಗೆ ಹೋದರೆ ಎರಡೂ ಒಂದೇ ಮುದ್ದೆ. ಹರ್ಷೆಲ್‌ನ ಕನ್ನಡಿ 3.5 ಮೀಟರ್, ಹಾಗಾಗಿ ಅದೇ ಜಾಗವನ್ನು ಅದು ನಾಲ್ಕು ಪಟ್ಟು ಬಿಡಿಸಿ ತೋರಿಸುತ್ತದೆ. ಒತ್ತೊತ್ತಾಗಿರುವ ಜಾಗಗಳಲ್ಲಿ ನಾನು ಹರ್ಷೆಲ್ ಅಂಕಿಯನ್ನೇ ಹಿಡಿದೆ.

ಬಿಂದುಗಳೆಲ್ಲ ಕೈಗೆ ಬಂದ ಮೇಲೆ ಲಾಗ್ ಅಳತೆಯ ಹಾಳೆಯಲ್ಲಿ ಗೆರೆ ಎಳೆದು, ಕೆಳಗಿನ ವಿಸ್ತೀರ್ಣ ತೆಗೆಯುವುದು. ದೂರದ ಇನ್‌ಫ್ರಾರೆಡ್ ಬಿಂದು ಇಲ್ಲದಿದ್ದರೆ ದಪ್ಪ ಹೊದಿಕೆಯ ಮರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಳಕು ಲೆಕ್ಕದಿಂದ ಹೊರಗುಳಿಯಬಹುದು. ಮಂಕಾದವುಗಳಲ್ಲಿ ಇದರ ಉಲ್ಟಾ ತೊಂದರೆಯೂ ಇದೆ. ಸುತ್ತಲಿನ ಬೇರೆ ನಕ್ಷತ್ರಗಳ ಬೆಳಕು ಹೊದಿಕೆಯ ಹೊರಭಾಗವನ್ನು ಸ್ವಲ್ಪ ಬಿಸಿ ಮಾಡಿರುತ್ತದೆ. ಆ ಬಿಸಿ ಹೆಚ್ಚಾಗಿ 100 ಮೈಕ್ರಾನ್‌ನಿಂದಾಚೆ ಕಾಣುತ್ತದೆ. ಸುಮ್ನೆ ಎಲ್ಲವನ್ನೂ ಕೂಡಿದರೆ ಮರಿಯದ್ದಲ್ಲದ ಬೆಳಕನ್ನೂ ಅದರ ಖಾತೆಗೆ ಹಾಕಿದಂತೆ ಆಗುತ್ತದೆ, ಅಲ್ವಾ? 2008ರಲ್ಲಿ ಮೈಕೆಲ್ ಡನ್ಹಾಮ್ ಮತ್ತು ಜೊತೆಗಾರರು ಇದಕ್ಕೊಂದು ದಾರಿ ತೋರಿಸಿದರು. 70 ಮೈಕ್ರಾನ್‌ನ ಬೆಳಕೊಂದೇ ಒಳಗಿನ ಪ್ರಕಾಶದ ಜೊತೆ ಹೆಚ್ಚುಕಡಿಮೆ ನೇರವಾಗಿ ಏರಿಳಿಯುತ್ತದೆ. ಸೂರ್ಯನ ಹತ್ತನೇ ಒಂದು ಭಾಗಕ್ಕಿಂತ ಮಂಕಾದ ಮರಿಗಳಿಗೆ ನಾನು ಈ ಲೆಕ್ಕವನ್ನೇ ಹೆಚ್ಚು ನಂಬುತ್ತೇನೆ.

ದೂರದ ವಿಷಯಕ್ಕೆ ಬಂದರೆ, ಲೆಕ್ಕದಲ್ಲಿ ಬರುವ ಪ್ರಕಾಶ ದೂರದ ವರ್ಗಕ್ಕೆ (ದೂರವನ್ನು ದೂರದಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಬದಲಾಗುತ್ತದೆ. ಸರ್ಪೆನ್ಸ್ ಮೋಡ 260 ಪಾರ್ಸೆಕ್ (ಒಂದು ಪಾರ್ಸೆಕ್ ಅಂದರೆ ಸುಮಾರು 3.26 ಜ್ಯೋತಿರ್ವರ್ಷ) ದೂರದಲ್ಲಿದೆ ಅಂತ ಸ್ಪಿಟ್ಜರ್ ಕಾಲದ ಲೆಕ್ಕಗಳು ಹಿಡಿದಿದ್ದವು. ಆಮೇಲೆ ರೇಡಿಯೋ ದೂರದರ್ಶಕಗಳಿಂದ ನೇರವಾಗಿ ಅಳೆದಾಗ, 2017ರಲ್ಲಿ, ಅದು ಸುಮಾರು 436 ಪಾರ್ಸೆಕ್ ಅಂತ ಗೊತ್ತಾಯಿತು. ಒಂದೇ ಏಟಿಗೆ ಅಲ್ಲಿನ ಮರಿಗಳ ಪ್ರಕಾಶ 2.8 ಪಟ್ಟು ಏರಿತು. ಇದನ್ನು ಕಂಡ ಮೇಲೆ ನನ್ನ ಪಟ್ಟಿಯಲ್ಲಿ ಪ್ರಕಾಶದ ಪಕ್ಕದಲ್ಲೇ ಅಳೆದ ಫ್ಲಕ್ಸ್ (ನಮ್ಮನ್ನು ತಲುಪಿದ ಬೆಳಕು), ಹಿಡಿದ ದೂರ, ಉಂಗುರದ ಅಳತೆ ಮೂರನ್ನೂ ಕಡ್ಡಾಯವಾಗಿ ಬರೆದಿಡುತ್ತೇನೆ. ನಾಳೆ ದೂರ ಬದಲಾದರೂ ಬೇರೆಯವರು ಮತ್ತೆ ಲೆಕ್ಕ ಹಾಕಿಕೊಳ್ಳಬಹುದು.

ಇಷ್ಟೆಲ್ಲ ಆದ ಮೇಲೂ ಪರ್ಸಿಯಸ್‌ನ ಮಂಕು ಮರಿಗಳು ಮಂಕಾಗಿಯೇ ಉಳಿದಿವೆ. ವಸ್ತು ಒಂದೇ ಸಮನೆ ಬೀಳುವುದಿಲ್ಲ, ಆಗಾಗ ದಬದಬನೆ ಸುರಿದು ಮತ್ತೆ ನಿಲ್ಲುತ್ತದೆ ಅನ್ನುವ ವಿವರಣೆ ನನಗೆ ಸರಿ ಅನ್ನಿಸುತ್ತದೆ. 1936ರ ಸುಮಾರಿಗೆ ಎಫ್‌ಯು ಓರಿಯಾನಿಸ್ ಅನ್ನುವ ಮರಿ ನಕ್ಷತ್ರ ಇದ್ದಕ್ಕಿದ್ದಂತೆ ನೂರಾರು ಪಟ್ಟು ಬೆಳಗಿತ್ತು. ಈಗ ನಾನು ಅದೇ ಪಟ್ಟಿಯನ್ನು ಹಿಡಿದು ನಿಯೋವೈಸ್ ಬಾಹ್ಯಾಕಾಶ ದೂರದರ್ಶಕದ ಅಳತೆಗಳಲ್ಲಿ ಇಂಥ ಏರಿಳಿತವನ್ನು ಹುಡುಕುತ್ತಿದ್ದೇನೆ. 2024ರವರೆಗೆ ಆ ದೂರದರ್ಶಕ ಸುಮಾರು ಆರು ತಿಂಗಳಿಗೊಮ್ಮೆ ಪೂರ್ತಿ ಆಕಾಶವನ್ನು 3.4 ಮತ್ತು 4.6 ಮೈಕ್ರಾನ್‌ನಲ್ಲಿ ನೋಡಿತ್ತು. ಎರಡೇ ತರಂಗಾಂತರದಿಂದ ಒಟ್ಟು ಪ್ರಕಾಶ ಸಿಗುವುದಿಲ್ಲ, ಏರಿಳಿತ ಮಾತ್ರ ಸಿಗುತ್ತದೆ. ಅತಿ ಮಂಕಾದವುಗಳಿಂದಲೇ ಶುರು ಮಾಡಿದ್ದೇನೆ.