ಮರಿಬೆಕ್ಕಿನ ಹಾಲುಹಲ್ಲು ಬೀಳುವ ದಿನಗಳು: ನನ್ನ ಅನುಭವ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಅಟ್ಟದ ಮೇಲೆ ಜನವರಿಯ ಕೊನೆಯಲ್ಲಿ ಹುಟ್ಟಿದ ಮೂರು ಮರಿಗಳಿಗೆ ಮೇ ತಿಂಗಳ ನಡುವಿಗೆ ಮೂರೂವರೆ ತಿಂಗಳು ತುಂಬಿತ್ತು. ಆಗಲೇ ಒಂದು ಬೆಳಿಗ್ಗೆ, ಅವು ಮಲಗುವ ಗೋಣಿಚೀಲವನ್ನು ಕೊಡವಲೆಂದು ಎತ್ತಿದಾಗ, ಅದರ ಎಳೆಗೆ ರವೆಕಾಳಿಗಿಂತ ತುಸು ದೊಡ್ಡದಾದ ಬಿಳಿಯ ಚೂರೊಂದು ಸಿಕ್ಕಿಕೊಂಡಿತ್ತು. ಅಂಗೈಯಲ್ಲಿಟ್ಟು ನೋಡಿದರೆ ಅದು ಹಲ್ಲು. ಒಂದು ತುದಿ ಹೊಳೆಯುತ್ತಿತ್ತು, ಇನ್ನೊಂದು ತುದಿ ಬೇರಿಲ್ಲದೆ ಟೊಳ್ಳಾಗಿತ್ತು. ಮರಿ ಎಲ್ಲಿಂದಲೋ ಬಿದ್ದು ಹಲ್ಲು ಮುರಿದುಕೊಂಡಿದೆಯೆಂದು ಹೆದರಿ ಅದನ್ನು ಪಶುವೈದ್ಯರ ಬಳಿಗೆ ಒಯ್ದೆ. ಬೇರಿಲ್ಲದಿರುವುದೇ ಹಲ್ಲು ತಾನಾಗಿ ಬಿದ್ದಿದೆಯೆಂಬುದರ ಗುರುತು, ಕೆಳಗಿನಿಂದ ಕಾಯಂ ಹಲ್ಲು ಒತ್ತಿಕೊಂಡು ಬರುವಾಗ ಹಾಲುಹಲ್ಲಿನ ಬೇರು ಕರಗುತ್ತಾ ಹೋಗುತ್ತದೆ ಎಂದು ಅವರು ತಿಳಿಸಿಹೇಳಿದರು.

ಮರಿಗೆ ಇರುವುದು 26 ಹಾಲುಹಲ್ಲು, ಬೆಳೆದ ಬೆಕ್ಕಿಗೆ 30. ಹೆಚ್ಚಿನ ನಾಲ್ಕು ಹಿಂಬದಿಯ ದವಡೆಹಲ್ಲುಗಳು. ಅವುಗಳ ಜಾಗದಲ್ಲಿ ಹಾಲುಹಲ್ಲು ಇರುವುದೇ ಇಲ್ಲ. ಮೂರೂವರೆ, ನಾಲ್ಕು ತಿಂಗಳಿಗೆ ಮುಂದಿನ ಸಣ್ಣ ಹಲ್ಲುಗಳು ಬದಲಾಗುತ್ತವೆ, ಐದನೆಯ ತಿಂಗಳ ಸುಮಾರಿಗೆ ಕೋರೆಹಲ್ಲುಗಳು, ಆರೇಳು ತಿಂಗಳಿಗೆ ಎಲ್ಲವೂ ಮುಗಿದಿರುತ್ತದೆ. ಬಿದ್ದ ಹಲ್ಲುಗಳಲ್ಲಿ ಹೆಚ್ಚಿನವನ್ನು ಮರಿಗಳು ಊಟದೊಂದಿಗೆ ನುಂಗಿಬಿಡುತ್ತವೆ, ಅದರಿಂದ ತೊಂದರೆಯಿಲ್ಲ.

ಜೂನ್ ತಿಂಗಳಲ್ಲಿ ಮರಿಗಳು ಬಾಗಿಲ ಮೂಲೆ, ಚಪ್ಪಲಿ, ಫೋನಿನ ಚಾರ್ಜರ್ ವೈರು, ಏನು ಸಿಕ್ಕರೂ ಕಚ್ಚತೊಡಗಿದವು. ವೈರುಗಳನ್ನೂ ಹೊಲಿಗೆಯ ದಾರದ ಉಂಡೆಗಳನ್ನೂ ಎತ್ತಿಟ್ಟೆ. ನುಂಗಿದ ದಾರ ಕರುಳಿಗೆ ಸುತ್ತಿಕೊಂಡರೆ ಪ್ರಾಣಕ್ಕೇ ಅಪಾಯ. ಒದ್ದೆ ಬಟ್ಟೆಯನ್ನು ಫ್ರಿಜ್ಜಿನಲ್ಲಿಟ್ಟು ತಂಪು ಮಾಡಿ ನನ್ನೆದುರಿಗೇ ಕಚ್ಚಲು ಕೊಡುತ್ತಿದ್ದೆ, ಮೀನನ್ನು ಉಪ್ಪು, ಈರುಳ್ಳಿ ಹಾಕದೆ ಬೇಯಿಸಿ, ಮುಳ್ಳು ತೆಗೆದು ಕಿವುಚಿ ತಿನ್ನಿಸುತ್ತಿದ್ದೆ. ಕಂದು ಬಣ್ಣದ ಗಂಡುಮರಿ ಜೊಲ್ಲು ಸುರಿಸುತ್ತಾ ತಟ್ಟೆಯೆದುರು ಸುಮ್ಮನೆ ಕೂತದ್ದನ್ನು ಕಂಡ ಪಕ್ಕದ ಮನೆಯ ಅಜ್ಜಿ, "ಒಂಚೂರು ಲವಂಗದ ಎಣ್ಣೆ ಹಚ್ಚಮ್ಮಾ, ನಮ್ಮ ಮಕ್ಕಳಿಗೆಲ್ಲಾ ಹಚ್ತಿರಲಿಲ್ವೇ" ಎಂದರು. ಪ್ರೀತಿಯಿಂದ ಹೇಳಿದ ಮಾತು. ನಾನೂ ಸೀಸೆಯನ್ನು ಕೈಗೆತ್ತಿಕೊಂಡಿದ್ದೆ. ಹಚ್ಚುವ ಮೊದಲು ವೈದ್ಯರಿಗೆ ಫೋನು ಮಾಡಿದ್ದರಿಂದ ಮರಿ ಉಳಿಯಿತೆಂದೇ ನನ್ನ ನಂಬಿಕೆ. ಲವಂಗದ ಎಣ್ಣೆ ಬೆಕ್ಕಿಗೆ ವಿಷ. ನೋವಿಗೆಂದು ನಾವು ನುಂಗುವ ಪ್ಯಾರಾಸಿಟಮಾಲ್ ಇನ್ನೂ ಘೋರ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲದ ಕಾರಣ ರಕ್ತವು ಆಮ್ಲಜನಕವನ್ನು ಹೊರಲಾರದೆ ಹೋಗುತ್ತದೆ, ಒಂದೇ ಮಾತ್ರೆಗೆ ಜೀವ ಹೋಗಬಹುದು.

ಅಲ್ಲಿಂದ ಮುಂದೆ ಎರಡು ದಿನಕ್ಕೊಮ್ಮೆ ಬಾಯಿ ನೋಡುವುದನ್ನು ರೂಢಿಸಿಕೊಂಡೆ. ಊಟ ಮುಗಿಸಿ ತೂಕಡಿಸುವ ಹೊತ್ತಿಗೆ ಮರಿಯನ್ನು ಮಡಿಲಲ್ಲಿ ನನಗೆ ಬೆನ್ನು ಮಾಡಿ ಕೂರಿಸಿಕೊಂಡು, ತಲೆಯ ಮೇಲೆ ಅಂಗೈಯಿಟ್ಟು, ಹೆಬ್ಬೆರಳಿನಿಂದ ಒಂದು ಬದಿಯ ತುಟಿಯನ್ನಷ್ಟೇ ಮೇಲೆತ್ತಿದರೆ ಸಾಕು, ಬಾಯಿ ತೆರೆಸಬೇಕಾಗಿಯೇ ಇಲ್ಲ. ಹಾಗೆ ನೋಡುವಾಗಲೇ ಗಂಡುಮರಿಯ ಮೇಲ್ದವಡೆಯ ಬಲಬದಿಯಲ್ಲಿ ಎರಡು ಕೋರೆಹಲ್ಲುಗಳು ಕಂಡವು: ಮುಂದೆ ದಪ್ಪನೆಯ ಹೊಸದು, ಅದಕ್ಕೆ ಅಂಟಿಕೊಂಡಂತೆ ಹಿಂದೆ ಸೂಜಿಯಂತಹ ಹಳೆಯದು. ಬೀಳಬಹುದೆಂದು ಕಾದೆ, ಕೆಲವು ದಿನ ಎರಡೂ ಒಟ್ಟಿಗಿರುವುದು ಸಹಜವೇ. ಆದರೆ ಹೊಸ ಹಲ್ಲು ಪೂರ್ತಿ ಬೆಳೆದರೂ ಹಳೆಯದು ಅಲುಗಲಿಲ್ಲ, ನಡುವಿನ ಸಂದಿಯಲ್ಲಿ ಮೀನಿನ ಎಳೆ ಸಿಕ್ಕಿಕೊಂಡು ಒಸಡು ಕೆಂಪಾಯಿತು. ಅಷ್ಟು ದಿನ ಕಾದದ್ದು ನನ್ನ ತಪ್ಪು. ಹೀಗೆ ಬಿಟ್ಟರೆ ಹೊಸ ಹಲ್ಲು ಓರೆಯಾಗುವುದೂ ಉಂಟು.

ಆರು ತಿಂಗಳು ತುಂಬಿದ ಮೇಲೆ, ಸಂತಾನಹರಣ ಚಿಕಿತ್ಸೆಗೆ ಕೊಟ್ಟ ಅರಿವಳಿಕೆಯಲ್ಲಿಯೇ ವೈದ್ಯರು ಆ ಹಲ್ಲನ್ನೂ ತೆಗೆದರು. ಹೊರಗೆ ಕಾಣುತ್ತಿದ್ದ ಭಾಗಕ್ಕಿಂತ ಬೇರೇ ಉದ್ದವಾಗಿತ್ತು. ನಾನೇ ಇಕ್ಕಳ ಹಿಡಿದಿದ್ದರೆ ಅದು ಒಸಡಿನೊಳಗೆ ಮುರಿದು ಕೀವಾಗುತ್ತಿತ್ತು. ಗೋಣಿಯಲ್ಲಿ ಸಿಕ್ಕ ಆ ಟೊಳ್ಳು ಹಲ್ಲನ್ನೂ ಇದನ್ನೂ ಒಂದೇ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ, ಮರಿ ಸಾಕುವವರು ಮನೆಗೆ ಬಂದರೆ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತೇನೆ.